ನಂಬಿದ್ದೇ ತಪ್ಪಾಗಿದ್ದರೆ?

ಓದುಗರ ಪ್ರಶ್ನೆ: ನನಗೀಗ 61 ವರ್ಷ. ತಿಳಿವಳಿಕೆ ಬಂದಾಗಿನಿಂದ ದೇವರನ್ನು ನಂಬಿಯೇ ಬದುಕಿದವಳು. ಎರಡು ವರ್ಷದ ಹಿಂದೆ ನಮ್ಮ ಮನೆಯವರು ತೀರಿಕೊಂಡರು. ಅವರ ಕಾಯಿಲೆ ವಾಸಿಯಾಗಲೆಂದು ಏಳು ತಿಂಗಳು ದಿನಾ ಪ್ರಾರ್ಥನೆ ಮಾಡಿದ್ದೆ. ಮೊನ್ನೆ ಮಗ, ಜಗಳಕ್ಕೇನಲ್ಲ, ಮಾತಿಗೆ ಮಾತು ಬಂದು, "ಅಮ್ಮಾ, ಒಂದು ವೇಳೆ ಇದೆಲ್ಲ ನಿಜವಲ್ಲ ಅಂತಾದರೆ ಏನು ಮಾಡ್ತೀಯ?" ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ನಂಬಿಕೆ ತಪ್ಪಾಗಿದ್ದರೆ ನನ್ನ ಬದುಕೇ ವ್ಯರ್ಥವೇ? ಒಳ್ಳೆಯದು, ಕೆಟ್ಟದ್ದು ಎನ್ನುವುದಕ್ಕೆ ಏನರ್ಥ ಉಳಿಯುತ್ತದೆ? ಅವರನ್ನು ಇನ್ನೆಂದೂ ನೋಡುವುದಿಲ್ಲವೇ? ಇನ್ನೊಂದು ಮಾತು. ಹಿಂದೆ ನನ್ನ ತಂಗಿಗೆ ನಾನೊಂದು ಅನ್ಯಾಯ ಮಾಡಿದ್ದೆ. ದೇವರ ಮುಂದೆ ಅತ್ತು ತಪ್ಪೊಪ್ಪಿಕೊಂಡ ಮೇಲೆ ಮನಸ್ಸು ಹಗುರಾಗಿತ್ತು. ಆ ನೆಮ್ಮದಿಯೂ ಸುಳ್ಳೇ? ಸಮಾಧಾನಕ್ಕೆಂದು ಏನೋ ಹೇಳಬೇಡಿ. ನಿಜ ಹೇಳಿ.

ತಜ್ಞರ ಉತ್ತರ:

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಧರ್ಮದ ತತ್ತ್ವಶಾಸ್ತ್ರವನ್ನು ಬಹಳ ವರ್ಷ ಪಾಠ ಮಾಡಿದವನು ನಾನು. ಈ ಪ್ರಶ್ನೆ ತರಗತಿಗೆ ಪ್ರತಿ ವರ್ಷವೂ ಬರುತ್ತಿತ್ತು, ಆದರೆ ಅಲ್ಲಿ ಅದು ವಾದಕ್ಕೆ ಬರುತ್ತಿತ್ತು. ಗೆದ್ದವರೂ ಸೋತವರೂ ಗಂಟೆ ಹೊಡೆದ ಮೇಲೆ ಎದ್ದು ಹೋಗುತ್ತಿದ್ದರು. ನೀವು ಅದನ್ನು ರಾತ್ರಿ ಎಚ್ಚರವಿದ್ದು ಕೇಳುತ್ತಿದ್ದೀರಿ. ದೇವರು ಇದ್ದಾನೆಯೇ ಎಂದು ನೀವು ಕೇಳಿಲ್ಲ, ಹಾಗಾಗಿ ಆ ತೀರ್ಪಿಗೆ ನಾನು ಕೈ ಹಾಕುವುದಿಲ್ಲ. ಇಲ್ಲ ಎಂದೇ ಇಟ್ಟುಕೊಂಡರೆ ಏನು ಬಿದ್ದುಹೋಗುತ್ತದೆ, ಏನು ನಿಲ್ಲುತ್ತದೆ ಎಂಬುದನ್ನು ಬಿಡಿಸಿ ನೋಡೋಣ. ಬೀಳುವಂಥದ್ದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ಮೊದಲು "ತಪ್ಪೆಂದು ಗೊತ್ತಾದರೆ" ಎನ್ನುವ ಮಾತನ್ನೇ ಹಿಡಿದುಕೊಳ್ಳಿ. ಗೊತ್ತಾಗುವುದು ಯಾರಿಗೆ, ಯಾವಾಗ? ಜಾನ್ ಹಿಕ್ ಎಂಬ ಇಂಗ್ಲಿಷ್ ತತ್ತ್ವಜ್ಞಾನಿ 1960ರ ಹೊತ್ತಿಗೆ ಇದಕ್ಕೊಂದು ದೃಷ್ಟಾಂತ ಕೊಟ್ಟಿದ್ದರು. ಇಬ್ಬರು ಒಂದೇ ದಾರಿಯಲ್ಲಿ ನಡೆಯುತ್ತಿದ್ದಾರೆ. ಈ ದಾರಿ ಸ್ವರ್ಗದಂಥ ನಗರಕ್ಕೆ ಹೋಗುತ್ತದೆ ಎಂದು ಒಬ್ಬ ನಂಬಿದ್ದಾನೆ, ಎಲ್ಲಿಗೂ ಹೋಗುವುದಿಲ್ಲ ಎಂದು ಇನ್ನೊಬ್ಬ. ಬಿಸಿಲು, ಮಳೆ, ಆಯಾಸ ಇಬ್ಬರಿಗೂ ಒಂದೇ. ಕೊನೆಯ ತಿರುವು ದಾಟಿದಾಗ ನಗರ ಕಂಡರೆ ನಂಬಿದವನು ಸರಿ ಎಂದು ಇಬ್ಬರಿಗೂ ತಿಳಿಯುತ್ತದೆ. ಆ ತಿರುವಿನಾಚೆ ಏನೂ ಇಲ್ಲದಿದ್ದರೆ? ಆಗ ತಿಳಿದುಕೊಳ್ಳಲು ಇಬ್ಬರೂ ಇರುವುದಿಲ್ಲ. ನಂಬಿಕೆ ನಿಜವಾಗಿದ್ದರೆ ಒಂದು ದಿನ ಗೊತ್ತಾದೀತು, ಸುಳ್ಳಾಗಿದ್ದರೆ ಸತ್ತವರಿಗೆ ಎಂದೂ ಗೊತ್ತಾಗುವುದಿಲ್ಲ. ಕಣ್ಣು ಮುಚ್ಚಿದ ಮೇಲೆ ಖಾಲಿ ಬಯಲಿನಲ್ಲಿ ಒಬ್ಬರೇ ನಿಂತು "ಮೋಸ ಹೋದೆನಲ್ಲ" ಎಂದು ಕೊರಗುವ ಚಿತ್ರ ನಿಮ್ಮನ್ನು ಕಾಡುತ್ತಿದ್ದರೆ, ಆ ಚಿತ್ರವನ್ನು ಬಿಟ್ಟುಬಿಡಿ. ಅಂಥ ಗಳಿಗೆ ಯಾರ ಪಾಲಿಗೂ ಬರುವಂತಿಲ್ಲ. ನಿಮ್ಮ ಮನೆಯವರಿಗೂ ಬಂದಿಲ್ಲ. ನಂಬಿಕೆ ನಿಜವಾಗಿದ್ದರೆ ಅವರು ಸಂತೋಷದಲ್ಲಿದ್ದಾರೆ, ನಿಜವಲ್ಲದಿದ್ದರೆ ಅವರಿಗೆ ನಿರಾಸೆ ಎಂಬುದೇ ಇಲ್ಲ. ನಿರಾಸೆ ಇರುವುದು ಉಳಿದವರಿಗೆ. ಅದಕ್ಕೆ ಆಮೇಲೆ ಬರುತ್ತೇನೆ.

ಬದುಕಿರುವಾಗಲೇ ತಪ್ಪು ಬಯಲಾಗುವುದೂ ಉಂಟು, ಆದರೆ ಸಾಮಾನ್ಯವಾಗಿ ಅದು ತುಂಡು ತುಂಡಾಗಿ ಬಯಲಾಗುತ್ತದೆ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ರೈತ ಬೈಬಲ್ಲಿನ ಲೆಕ್ಕ ಹಾಕಿ, ಯೇಸು ಮರಳಿ ಬರುವ ಕಾಲ ಹತ್ತಿರವಾಗಿದೆ ಎಂದು ಸಾರಿದ. ಅನುಯಾಯಿಗಳು ಕೊನೆಗೆ 1844ರ ಅಕ್ಟೋಬರ್ 22ಕ್ಕೆ ದಿನ ಗೊತ್ತು ಮಾಡಿದರು. ಕೆಲವರು ಹೊಲದ ಬೆಳೆಯನ್ನು ಕೊಯ್ಯದೆ ಬಿಟ್ಟಿದ್ದರು, ಇನ್ನು ಅದರ ಅಗತ್ಯವೇನಿದೆ ಎಂದು. ರಾತ್ರಿ ಕಳೆಯಿತು, ಬೆಳಗಾಯಿತು, ಯಾರೂ ಬರಲಿಲ್ಲ. ಬೆಳಕು ಹರಿಯುವವರೆಗೂ ಅತ್ತೆವು ಎಂದು ಅವರಲ್ಲೊಬ್ಬನಾದ ಹೈರಮ್ ಎಡ್ಸನ್ ಆಮೇಲೆ ಬರೆದಿಟ್ಟ. ಎಷ್ಟೋ ಜನ ಅಲ್ಲಿಗೇ ಬಿಟ್ಟು ಹೋದರು. ಎಡ್ಸನ್ ಮಾತ್ರ ಮರುದಿನ ಜೋಳದ ಹೊಲ ದಾಟಿ ನಡೆಯುವಾಗ, ತಪ್ಪಿದ್ದು ದಿನವಲ್ಲ, ನಡೆದದ್ದು ಭೂಮಿಯ ಮೇಲಲ್ಲ, ಸ್ವರ್ಗದಲ್ಲಿ ಎಂದು ತನಗೆ ಹೊಳೆಯಿತು ಎಂದ. ಆ ಗುಂಪಿನಿಂದ ಮುಂದೆ ಒಂದು ದೊಡ್ಡ ಚರ್ಚೇ ಬೆಳೆಯಿತು. ಇದನ್ನು ಹೇಳಿದ್ದಕ್ಕೆ ಕಾರಣವಿದೆ. ನಂಬಿಕೆಯ ಎಲ್ಲ ಭಾರವನ್ನೂ ಒಂದೇ ಮೊಳೆಗೆ ನೇತುಹಾಕಿದವರಿಗೆ ಆ ಮೊಳೆ ಕಿತ್ತು ಬಂದಾಗ ಪೆಟ್ಟು ಜೋರು. ನಿಮ್ಮ ನಂಬಿಕೆ ಯಾವ ಮೊಳೆಗಳಿಗೆ ನೇತುಬಿದ್ದಿದೆ ಎಂದು ನೀವೇ ನೋಡಿಕೊಳ್ಳಬೇಕು. ಪತ್ರ ಓದಿದರೆ ನನಗೆ ನಾಲ್ಕು ಕಾಣುತ್ತವೆ: ಬದುಕಿನ ಬೆಲೆ, ಒಳಿತಿನ ಆಧಾರ, ಮನೆಯವರು, ತಂಗಿ.

ಇನ್ನೊಂದು ವಿಷಯ. ತಪ್ಪಾಗಿ ನಂಬುವುದು ಮನುಷ್ಯರಲ್ಲಿ ಅಪರೂಪದ ದುರ್ವಿಧಿಯೇನಲ್ಲ. ಸತ್ತವರು ಮತ್ತೆ ಹುಟ್ಟುತ್ತಾರೆ ಎಂದು ಕೆಲವು ಧರ್ಮಗಳು ಹೇಳುತ್ತವೆ, ಒಂದೇ ಜನ್ಮ, ಆಮೇಲೆ ತೀರ್ಪು ಎಂದು ಬೇರೆ ಧರ್ಮಗಳು. ಯೇಸು ಶಿಲುಬೆಯ ಮೇಲೆ ಸತ್ತ ಎಂಬುದು ಕ್ರೈಸ್ತರ ನಂಬಿಕೆಯ ಬುಡ. ಅವನನ್ನು ಶಿಲುಬೆಗೇರಿಸಲಿಲ್ಲ, ಹಾಗೆ ತೋರಿತಷ್ಟೆ ಎನ್ನುತ್ತದೆ ಕುರಾನ್. ಇವೆಲ್ಲ ಒಟ್ಟಿಗೆ ಅಕ್ಷರಶಃ ನಿಜವಾಗಿರಲು ಬರುವುದಿಲ್ಲ. ಅಂದಮೇಲೆ ದೇವರು ಇದ್ದರೂ, ಇಲ್ಲದಿದ್ದರೂ, ಈ ಭೂಮಿಯ ಮೇಲೆ ಪ್ರಾರ್ಥಿಸಿದ ಕೋಟಿ ಕೋಟಿ ಜನ ದೊಡ್ಡ ವಿಷಯಗಳಲ್ಲೇ ತಪ್ಪು ತಿಳಿದುಕೊಂಡು ಬದುಕಿ ಸತ್ತಿದ್ದಾರೆ. ಅವರಲ್ಲಿ ನಿಮಗಿಂತ ನನಗಿಂತ ಒಳ್ಳೆಯವರು ಎಷ್ಟೋ ಮಂದಿ. ಅವರ ಬದುಕು ವ್ಯರ್ಥವಾಯಿತೇ ಎಂದು ಕೇಳಿಕೊಂಡು ನೋಡಿ. ನಮ್ಮ ಬಗ್ಗೆ ಕೇಳಿಕೊಳ್ಳುವುದಕ್ಕಿಂತ ಬೇರೆಯವರ ಬಗ್ಗೆ ಕೇಳಿಕೊಂಡಾಗ ಈ ಪ್ರಶ್ನೆ ಸ್ಪಷ್ಟವಾಗುತ್ತದೆ.

ಈಜಿಪ್ಟಿನ ಫೀಲೆ ದ್ವೀಪದಲ್ಲಿ ಐಸಿಸ್ ದೇವತೆಯ ದೇವಾಲಯವಿತ್ತು. ಅಲ್ಲಿನ ಗೋಡೆಯ ಮೇಲೆ ಮಾಂಡುಲಿಸ್ ಎಂಬ ದೇವರ ಚಿತ್ರದ ಪಕ್ಕ ಒಬ್ಬ ಪುರೋಹಿತ ಕೆಲವು ಸಾಲು ಕೆತ್ತಿಸಿದ್ದಾನೆ. ತನ್ನ ಹೆಸರು, ತಂದೆಯ ಹೆಸರು, ತಾನು ಐಸಿಸ್‌ನ ಎರಡನೆಯ ಪುರೋಹಿತ ಎಂಬ ಮಾತು, ಕೊನೆಗೆ "ಎಂದೆಂದಿಗೂ" ಎಂಬ ಪದ. ಕಾಲ ಕ್ರಿ.ಶ. 394ರ ಆಗಸ್ಟ್ 24. ಕಾಲ ಗೊತ್ತಿರುವ ಈಜಿಪ್ಟಿನ ಚಿತ್ರಲಿಪಿಯ ಬರಹಗಳಲ್ಲಿ ಅದೇ ಕೊನೆಯದು. ಮೂರು ಸಾವಿರ ವರ್ಷಕ್ಕೂ ಮೇಲ್ಪಟ್ಟು ಬಾಳಿದ ಬರವಣಿಗೆ ಅಲ್ಲಿಗೆ ನಿಂತಿತು. ಮುಂದೆ ದೇವಾಲಯವೂ ಮುಚ್ಚಿತು. ಎಂದೆಂದಿಗೂ ಇರಲಿ ಎಂದು ಅವನು ಕೆತ್ತಿಸಿದ್ದನ್ನು ಓದಬಲ್ಲವರೇ ಭೂಮಿಯ ಮೇಲೆ ಇಲ್ಲದಂತಾಯಿತು. 1822ರಲ್ಲಿ ಫ್ರಾನ್ಸಿನ ಶಾಂಪೋಲಿಯೋ ಆ ಲಿಪಿಯ ಗುಟ್ಟು ಬಿಡಿಸುವವರೆಗೆ ಅದು ಬರೀ ಗೀರುಗಳಾಗಿ ನಿಂತಿತ್ತು. ಇವತ್ತು ಆ ಪುರೋಹಿತನ ದೇವರು ಇದ್ದಾನೆ ಎನ್ನುವವರು ಯಾರಿದ್ದಾರೆ? ಅವನ ನಂಬಿಕೆ ತಪ್ಪು ಎಂಬುದರಲ್ಲಿ ಆಸ್ತಿಕರಿಗೂ ನಾಸ್ತಿಕರಿಗೂ ಭೇದವಿಲ್ಲ.

ಈಗ ಅವನ ಧರ್ಮದ ಒಳಗೆ ಹೋಗಿ ನೋಡಿ. ಸತ್ತವರ ಜೊತೆ ಇಡುತ್ತಿದ್ದ ಬರಹಗಳಲ್ಲಿ ತೀರ್ಪಿನ ದೃಶ್ಯವೊಂದಿದೆ. ಸತ್ತವನ ಹೃದಯವನ್ನು ತಕ್ಕಡಿಯ ಒಂದು ತಟ್ಟೆಗೆ ಹಾಕುತ್ತಾರೆ. ಇನ್ನೊಂದು ತಟ್ಟೆಯಲ್ಲಿ ಸತ್ಯದ ದೇವತೆಯ ಗರಿ. ಸತ್ತವನು ಒಸಿರಿಸ್ ದೇವರ ಮುಂದೆ ನಿಂತು ತಾನು ಮಾಡದ ತಪ್ಪುಗಳನ್ನು ಒಂದೊಂದಾಗಿ ಹೇಳಬೇಕು. ನಾನು ಯಾರೂ ಅಳುವಂತೆ ಮಾಡಿಲ್ಲ. ತಕ್ಕಡಿಯಲ್ಲಿ ಮೋಸ ಮಾಡಿಲ್ಲ. ಮಕ್ಕಳ ಬಾಯಿಂದ ಹಾಲು ಕಿತ್ತುಕೊಂಡಿಲ್ಲ. ಒಸಿರಿಸ್ ಇಲ್ಲ, ಗರಿ ಇಲ್ಲ, ಆ ದೊಡ್ಡ ತಕ್ಕಡಿಯೂ ಇಲ್ಲ. ಆದರೆ ಒಸಿರಿಸ್‌ಗೆ ಹೆದರಿಯೇ ಆಗಲಿ ಒಬ್ಬ ವರ್ತಕ ಸರಿಯಾಗಿ ಅಳೆದು ಕೊಟ್ಟಿದ್ದರೆ, ಆ ಧಾನ್ಯ ಮನೆಗೆ ಒಯ್ದವಳಿಗೆ ಸಿಕ್ಕಿದ್ದು ಪೂರ್ತಿ ಅಳತೆ. ಆ ಮಗು ಕುಡಿದದ್ದು ನಿಜವಾದ ಹಾಲು. ಸಮಾಧಿಗಳಿಗೆಂದು ಸುರಿದ ಶ್ರಮ, ಸತ್ತವರೊಂದಿಗೆ ಹೂತ ಐಶ್ವರ್ಯ, ಇವು ಉದ್ದೇಶಿಸಿದ ಕಡೆಗೆ ತಲುಪಲಿಲ್ಲ ಎಂದು ಒಪ್ಪಲೇಬೇಕು. ಬದುಕಿದ್ದ ಇನ್ನೊಂದು ಜೀವಕ್ಕೆ ತಲುಪಿದ್ದನ್ನು ಮಾತ್ರ ಯಾವ ತಪ್ಪು ತಿಳಿವಳಿಕೆಯೂ ಹಿಂದಿನಿಂದ ಹೋಗಿ ಅಳಿಸಲಾರದು. ನಿಮ್ಮ 61 ವರ್ಷವನ್ನೂ ಹೀಗೇ ಎರಡು ರಾಶಿ ಮಾಡಿ ನೋಡಿ. ತಲುಪದೆ ಹೋದದ್ದರ ರಾಶಿ ನೀವು ಹೆದರಿದಷ್ಟು ದೊಡ್ಡದಿರಲಾರದು.

ಒಳಿತಿಗೆ ಆಧಾರವೇನು ಎಂಬ ಪ್ರಶ್ನೆ ಎಲ್ಲರನ್ನೂ ಹೆಚ್ಚು ಹೆದರಿಸುತ್ತದೆ. ನನ್ನ ದೃಷ್ಟಿಯಲ್ಲಿ ಹೆಚ್ಚು ಹೆದರಬೇಕಿಲ್ಲದ ಪ್ರಶ್ನೆಯೂ ಇದೇ. ಪ್ಲೇಟೋನ ಒಂದು ಸಂವಾದದಲ್ಲಿ ಸಾಕ್ರೆಟಿಸ್ ಯೂಥಿಫ್ರೋ ಎಂಬುವನನ್ನು ಕೇಳುತ್ತಾನೆ: ದೇವತೆಗಳು ಮೆಚ್ಚುವುದರಿಂದ ಅದು ಒಳ್ಳೆಯದಾಯಿತೋ, ಒಳ್ಳೆಯದಾಗಿರುವುದರಿಂದ ದೇವತೆಗಳು ಮೆಚ್ಚುತ್ತಾರೋ? ದೇವರು ನಾಳೆ ಕನಸಿನಲ್ಲಿ ಬಂದು ಮಗುವೊಂದನ್ನು ಹಿಂಸಿಸು ಎಂದರೆ ನೀವು ಹಿಂಸಿಸುವುದಿಲ್ಲ. ಇದು ದೇವರಿರಲಿಕ್ಕಿಲ್ಲ, ಬೇರೇನೋ ಎನ್ನುತ್ತೀರಿ. ಹಾಗೆ ಹೇಳುವ ಶಕ್ತಿ ನಿಮಗೆ ಬಂದದ್ದು ಎಲ್ಲಿಂದ? ದೇವರ ಮಾತನ್ನೇ ಒರೆಗೆ ಹಚ್ಚಿ ನೋಡುವ ತಿಳಿವು ಆಗಲೇ ನಿಮ್ಮಲ್ಲಿದೆ. ಆ ತಿಳಿವು ಕೊಟ್ಟವನೂ ಅವನೇ ಎಂದು ಆಸ್ತಿಕರು ಹೇಳಬಹುದು. ಇರಲಿ. ಕೊಟ್ಟವರು ಯಾರೇ ಆದರೂ ಅದು ಈಗ ನಿಮ್ಮ ಕೈಯಲ್ಲಿದೆ, ಕೊಟ್ಟವರ ವಿಳಾಸ ತಪ್ಪಿತು ಎಂದ ಮಾತ್ರಕ್ಕೆ ಕೈ ಖಾಲಿಯಾಗುವುದಿಲ್ಲ.

ಬಿದ್ದುಹೋಗುವ ನಿಯಮಗಳೂ ಇವೆ. ಅಪ್ಪಣೆಯಾಗಿದೆ ಎಂಬುದೊಂದನ್ನು ಬಿಟ್ಟು ಬೇರೆ ಯಾವ ಕಾರಣವೂ ಇಲ್ಲದ ನಿಯಮಗಳು. ಇಂಥವರನ್ನು ಮುಟ್ಟಬೇಡ, ಇಂಥವರು ಒಳಗೆ ಬರಕೂಡದು, ಹೆಣ್ಣು ಹೀಗಿರಬೇಕು. ಇವು ಬಿದ್ದರೆ ಬೀಳಲಿ. ಅವುಗಳ ಭಾರವನ್ನು ಹೊತ್ತವರು ಯಾವಾಗಲೂ ಬೇರೆಯವರಾಗಿದ್ದರು.

ಬುದ್ಧನ ಉಪದೇಶಗಳಲ್ಲಿ ಕೇಸಪುತ್ತ ಎಂಬ ಊರಿನ ಕಾಲಾಮರೆಂಬ ಜನರಿಗೆ ಹೇಳಿದ್ದೊಂದಿದೆ. ಒಬ್ಬೊಬ್ಬ ಗುರು ಬಂದು ಒಂದೊಂದು ಹೇಳಿ ಹೋಗುತ್ತಾನೆ, ಯಾರನ್ನು ನಂಬೋಣ ಎಂದು ಅವರು ಕೇಳಿದ್ದರು. ನಿಮ್ಮ ಮಗನ ಪ್ರಶ್ನೆಯನ್ನು ಎರಡೂವರೆ ಸಾವಿರ ವರ್ಷದ ಹಿಂದೆಯೇ ನೇರವಾಗಿ ಎದುರಿಸಿದ ಮಾತು ಅದು. ದ್ವೇಷವಿಲ್ಲದ, ಮೈತ್ರಿ ತುಂಬಿದ ಮನಸ್ಸಿನವನಿಗೆ ನಾಲ್ಕು ಭರವಸೆ ಎನ್ನುತ್ತಾನೆ ಬುದ್ಧ. ಪರಲೋಕವಿದ್ದರೆ, ಕರ್ಮಕ್ಕೆ ಫಲವಿದ್ದರೆ, ಅವನಿಗೆ ಒಳ್ಳೆಯ ಗತಿ. ಇಲ್ಲದಿದ್ದರೆ, ಈ ಲೋಕದಲ್ಲಿಯೇ ಹಗೆಯಿಲ್ಲದೆ ಸುಖವಾಗಿದ್ದಾನೆ. ಕೆಟ್ಟದ್ದು ಮಾಡಿದವರಿಗೆ ಕೆಟ್ಟದ್ದಾಗುವುದಿದ್ದರೆ, ಅವನು ಕೆಟ್ಟದ್ದು ಮಾಡಿಲ್ಲ. ಆಗುವುದಿಲ್ಲವೆಂದರೂ ಅವನು ಶುದ್ಧನೇ. ನಮ್ಮ ಬಸವಣ್ಣ ದೇವರನ್ನು ಮನಸಾರೆ ನಂಬಿದವನು. ಅವನೂ ಆಚಾರವೇ ಸ್ವರ್ಗ, ಅನಾಚಾರವೇ ನರಕ ಎಂದಾಗ ಸ್ವರ್ಗದ ಜಾಗವನ್ನು ಸಾವಿನ ಆಚೆಯಿಂದ ಈಚೆಗೆ ತಂದಿದ್ದ. ಹೀಗೆ ಬದುಕಿದವರಿಗೆ ನಂಬಿಕೆ ಸುಳ್ಳಾದರೂ ಕಾಲ ಕೆಳಗಿನ ನೆಲ ಜಾರುವುದಿಲ್ಲ.

ಇದಕ್ಕೆ ಹತ್ತಿರವಿದೆ ಎಂದು ತೋರುವ, ನಿಜಕ್ಕೂ ದೂರವಿರುವ ಇನ್ನೊಂದು ವಾದವಿದೆ. ನಿಮ್ಮ ನೆಂಟರಿಷ್ಟರಲ್ಲಿ ಯಾರಾದರೂ ಅದನ್ನು ಹೇಳಿಯೇ ಹೇಳುತ್ತಾರೆ, ಅದಕ್ಕೇ ಎಚ್ಚರಿಸುತ್ತೇನೆ. ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಪಾಸ್ಕಲ್‌ನ ಪಣ ಅದು. ದೇವರಿದ್ದಾನೆ ಎಂದು ಪಣ ಕಟ್ಟು, ಗೆದ್ದರೆ ಎಲ್ಲವೂ ನಿನ್ನದು, ಸೋತರೆ ಕಳೆದುಕೊಳ್ಳುವುದೇನೂ ಇಲ್ಲ. ಈ ಕೊನೆಯ ಮಾತನ್ನು ನಾನು ಒಪ್ಪಲಾರೆ. ನಂಬಿದವರು ಏನೂ ಕಳೆದುಕೊಳ್ಳದೆ ಇದ್ದಾರು. ಅವರ ನಂಬಿಕೆಯ ಬೆಲೆಯನ್ನು ಬೇರೆಯವರು ತೆತ್ತಿರಬಹುದಲ್ಲ? ಯುರೋಪಿನಲ್ಲಿ ಹದಿನೈದರಿಂದ ಹದಿನೆಂಟನೆಯ ಶತಮಾನದವರೆಗೆ ಮಾಟಗಾತಿಯರೆಂದು ಹೆಸರಿಟ್ಟು ಸುಮಾರು 40,000ದಿಂದ 60,000 ಜನರನ್ನು ಕೊಂದರು ಎಂದು ಇತಿಹಾಸಕಾರರ ಅಂದಾಜು. ಕೊಂದವರಲ್ಲಿ ಹಲವರು ಪ್ರಾಮಾಣಿಕವಾಗಿ ನಂಬಿದ್ದರು. ಒಂದು ನಂಬಿಕೆ ತಪ್ಪಾದರೆ ಏನಾಗುತ್ತದೆ ಎಂದು ಕೇಳುವಾಗ ನಾನು ಮೊದಲು ನೋಡುವುದು ಇದನ್ನೇ: ತಪ್ಪಾಗಿದ್ದಲ್ಲಿ ಪೆಟ್ಟು ತಿನ್ನುವವರು ಯಾರು? ನಂಬಿದವರೇ ಆದರೆ ಅದು ಅವರ ಬದುಕು, ಅವರ ಹಕ್ಕು. ಮಕ್ಕಳೋ, ಅಸಹಾಯಕರೋ, ಬೇರೆ ನಂಬಿಕೆಯವರೋ ಆದರೆ, "ನಾನು ನಂಬಿದ್ದೆ" ಎಂಬುದು ಉತ್ತರವಾಗುವುದಿಲ್ಲ.

ಇದನ್ನು ಒಬ್ಬ ಮನುಷ್ಯ ಬದುಕಿರುವಾಗಲೇ ಅರಿತುಕೊಂಡ. 1692ರಲ್ಲಿ ಅಮೆರಿಕದ ಸೇಲಂನಲ್ಲಿ ಇಂಥದ್ದೇ ವಿಚಾರಣೆಗಳು ನಡೆದವು. 19 ಜನರನ್ನು ಗಲ್ಲಿಗೇರಿಸಿದರು. ಎಂಬತ್ತರ ಆಸುಪಾಸಿನ ಮುದುಕನೊಬ್ಬ ವಿಚಾರಣೆಗೆ ಒಪ್ಪಲಿಲ್ಲವೆಂದು ಅವನ ಎದೆಯ ಮೇಲೆ ಕಲ್ಲು ಹೇರಿ ಕೊಂದರು. ಮಾಟಗಾತಿಯ ಆತ್ಮ ಬಂದು ನನ್ನನ್ನು ಹಿಂಸಿಸಿತು ಎಂದು ಯಾರಾದರೂ ಹೇಳಿದರೆ ಅದನ್ನೂ ಸಾಕ್ಷಿ ಎಂದು ತೆಗೆದುಕೊಂಡಿದ್ದರು. ನ್ಯಾಯಾಧೀಶರಲ್ಲೊಬ್ಬ ಸ್ಯಾಮ್ಯುಯಲ್ ಸ್ಯೂಯಲ್. ಐದು ವರ್ಷದ ನಂತರ, 1697ರ ಜನವರಿ 14ರಂದು, ಬಾಸ್ಟನ್ನಿನ ಚರ್ಚಿನಲ್ಲಿ ಅವನು ಪಾದ್ರಿಯ ಕೈಗೆ ಒಂದು ಚೀಟಿ ಕೊಟ್ಟ. ಪಾದ್ರಿ ಅದನ್ನು ಓದುವಷ್ಟು ಹೊತ್ತೂ ತುಂಬಿದ ಸಭೆಯಲ್ಲಿ ತನ್ನ ಜಾಗದಲ್ಲೇ ಎದ್ದು ನಿಂತಿದ್ದ, ಓದಿ ಮುಗಿದಾಗ ತಲೆ ಬಾಗಿಸಿದ. ಆ ಪಾಪದ ಹೊಣೆಯನ್ನೂ ನಾಚಿಕೆಯನ್ನೂ ತಾನೇ ಹೊರುತ್ತೇನೆ ಎಂದು ಅದರಲ್ಲಿತ್ತು. ಮನುಷ್ಯರಲ್ಲಿ ಕ್ಷಮೆ ಬೇಡಿದ್ದ, ದೇವರು ಕ್ಷಮಿಸಲೆಂದು ಎಲ್ಲರೂ ಪ್ರಾರ್ಥಿಸಿ ಎಂದು ಕೋರಿದ್ದ. ಅವನು ಧರ್ಮ ಬಿಡಲಿಲ್ಲ. ಆದರೂ ತಾನು ನಂಬಿದ್ದು ತಪ್ಪು ಎಂದು ಗೊತ್ತಾದಾಗ ಮಾಡಬೇಕಾದದ್ದನ್ನು ಮಾಡಿದ. ಅವನ ಜೊತೆಗಿದ್ದ ಬೇರೆ ನ್ಯಾಯಾಧೀಶರಲ್ಲಿ ಯಾರೂ ಹಾಗೆ ಸಭೆಯಲ್ಲಿ ಎದ್ದು ನಿಲ್ಲಲಿಲ್ಲ. ಈ ಸ್ಯೂಯಲ್‌ನನ್ನು ನೆನಪಿಟ್ಟುಕೊಳ್ಳಿ.

ಇನ್ನು ಏಳು ತಿಂಗಳ ಪ್ರಾರ್ಥನೆ. ನಿಜ ಹೇಳಿ ಎಂದಿದ್ದೀರಿ. ಪ್ರಾರ್ಥನೆಯಿಂದ ರೋಗ ವಾಸಿಯಾಗುತ್ತದೆಯೇ ಎಂದು ನೋಡಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಬಂದ 1,802 ರೋಗಿಗಳನ್ನು ಮೂರು ಗುಂಪು ಮಾಡಿದ್ದರು. ಪ್ರಾರ್ಥನೆ ನಡೆಯುತ್ತದೋ ಇಲ್ಲವೋ ಎಂದು ಮೊದಲ ಎರಡು ಗುಂಪುಗಳಿಗೆ ಗೊತ್ತಿರಲಿಲ್ಲ. ಅವರಲ್ಲಿ ಅಪರಿಚಿತರು ಯಾರಿಗಾಗಿ ಪ್ರಾರ್ಥಿಸಿದ್ದರೋ ಅವರ ಪೈಕಿ ಶೇ. 52 ಜನರಿಗೆ ತೊಡಕುಗಳು ಕಾಣಿಸಿಕೊಂಡವು, ಯಾರಿಗಾಗಿ ಪ್ರಾರ್ಥಿಸಲಿಲ್ಲವೋ ಅವರ ಪೈಕಿ ಶೇ. 51. ನಿಮಗಾಗಿ ಪ್ರಾರ್ಥಿಸುತ್ತಿದ್ದಾರೆ ಎಂದು ಮೊದಲೇ ತಿಳಿಸಿದ್ದ ಮೂರನೆಯ ಗುಂಪಿನಲ್ಲಿ ಶೇ. 59. ಹಾಗಾಗಿ ನಿಮ್ಮ ಪ್ರಾರ್ಥನೆ ಕಾಯಿಲೆಯ ದಾರಿಯನ್ನು ಬದಲಿಸುತ್ತಿತ್ತು ಎಂದು ನಾನು ಹೇಳಲಾರೆ. ಇದರ ಇನ್ನೊಂದು ಮುಖವನ್ನೂ ನೋಡಿ. ಇನ್ನಷ್ಟು ಗಟ್ಟಿಯಾಗಿ ಪ್ರಾರ್ಥಿಸಿದ್ದರೆ ಅವರು ಉಳಿಯುತ್ತಿದ್ದರೇನೋ, ನನ್ನ ಭಕ್ತಿಯಲ್ಲೇ ಕೊರತೆಯಿತ್ತೇನೋ ಎಂಬ ಕೊರಗು ಎಷ್ಟೋ ಜನರನ್ನು ಒಳಗೊಳಗೇ ತಿನ್ನುತ್ತದೆ. ಅದು ನಿಮ್ಮಲ್ಲೂ ಇದ್ದರೆ, ಅದಕ್ಕೆ ಆಧಾರವಿಲ್ಲ. ಅವರು ಹೋದದ್ದು ನಿಮ್ಮ ಪ್ರಾರ್ಥನೆ ಸಾಲದೆ ಅಲ್ಲ.

ಆ ಅಧ್ಯಯನದಲ್ಲಿ ಪ್ರಾರ್ಥಿಸಿದವರು ರೋಗಿಯ ಮುಖವನ್ನೇ ನೋಡದವರು. ನೀವು ಮಾಡಿದ್ದು ಅದೇ ಕೆಲಸ ಎಂದು ನನಗನ್ನಿಸುವುದಿಲ್ಲ. ನನ್ನ ತಾಯಿಯ ಕೊನೆಯ ವಾರದಲ್ಲಿ, ನಂಬಿಕೆ ಸಡಿಲವಾಗಿ ಬಹಳ ವರ್ಷವಾಗಿದ್ದ ನಾನು, ಅವರು ದಿನಾ ಹೇಳುತ್ತಿದ್ದ ಪ್ರಾರ್ಥನೆಯನ್ನು ಅವರ ಕಿವಿಯ ಹತ್ತಿರ ಬಾಗಿ ಹೇಳುತ್ತಿದ್ದೆ. ಅವರಿಗೆ ಮಾತು ನಿಂತಿತ್ತು. ಒಂದು ಸಾಲಿನಲ್ಲಿ ನಾನು ಪದ ತಪ್ಪಿದಾಗ ಅವರ ತುಟಿ ಅಲುಗಿ ಸರಿಯಾದ ಪದದ ಆಕಾರ ತಾಳಿತು. ನಾನು ತಿದ್ದಿಕೊಂಡು ಮುಂದೆ ಹೇಳಿದೆ. ಆ ಮಾತುಗಳನ್ನು ಮೇಲೆ ಯಾರಾದರೂ ಕೇಳಿಸಿಕೊಂಡರೋ ಇಲ್ಲವೋ, ಅಮ್ಮ ಕೇಳಿಸಿಕೊಂಡರು. ನಿಮ್ಮ ಏಳು ತಿಂಗಳಲ್ಲೂ ಇಂಥದ್ದು ಏನಾದರೂ ನಡೆದಿದ್ದೀತು. ಅದು ಗಾಳಿಗೆ ಹೋಗಲಿಲ್ಲ.

ಬೀಳುವುದನ್ನು ಮುಚ್ಚಿಡುವುದಿಲ್ಲ ಎಂದಿದ್ದೆ. ದೊಡ್ಡ ನಷ್ಟಗಳು ಎರಡು.

ಒಂದು, ನ್ಯಾಯ. ಕೆಲವರು ಹಿಂಸೆಯನ್ನು ಅನುಭವಿಸಿ, ಯಾರಿಂದಲೂ ಒಂದು ಒಳ್ಳೆಯ ಮಾತು ಕೇಳದೆ, ಚಿಕ್ಕ ವಯಸ್ಸಿನಲ್ಲೇ ಸತ್ತುಹೋಗಿದ್ದಾರೆ. ಹಿಂಸಿಸಿದವರು ಮೊಮ್ಮಕ್ಕಳ ಮಧ್ಯೆ ಮೆತ್ತನೆಯ ಹಾಸಿಗೆಯಲ್ಲಿ ಸತ್ತಿದ್ದಾರೆ. ದೇವರಿದ್ದರೆ ಈ ಲೆಕ್ಕ ಎಲ್ಲೋ ಸರಿಹೋಗುತ್ತದೆ. ಇಲ್ಲದಿದ್ದರೆ ಅದು ಹಾಗೆಯೇ ಉಳಿಯುತ್ತದೆ, ಶಾಶ್ವತವಾಗಿ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್, ದೇವರ ಇರವನ್ನು ತರ್ಕದಿಂದ ಸಾಧಿಸಲಾಗದು ಎಂದು ತೋರಿಸಿದವನು. ಅವನೂ ಒಳ್ಳೆಯತನಕ್ಕೆ ತಕ್ಕ ಸುಖ ಎಲ್ಲೋ ಸೇರಲೇಬೇಕು ಎಂಬ ಕಾರಣಕ್ಕೆ ದೇವರನ್ನು ಇಟ್ಟುಕೊಂಡ. ಈ ನಷ್ಟವನ್ನು ಹಗುರ ಮಾಡುವ ಮಾತು ನನ್ನಲ್ಲಿಲ್ಲ. ಹೇಳಬಹುದಾದದ್ದು ಇಷ್ಟೇ: ಆಗ ಆ ಕೆಲಸ ಬದುಕಿರುವವರ ಪಾಲಿಗೆ ಬರುತ್ತದೆ. ಸೇಲಂನ ಪ್ರಕರಣದಲ್ಲಿ 1693ರಲ್ಲಿ ಮರಣದಂಡನೆಗೆ ಗುರಿಯಾಗಿ, ಹೇಗೋ ಗಲ್ಲಿನಿಂದ ಉಳಿದ ಎಲಿಜಬೆತ್ ಜಾನ್ಸನ್ ಎಂಬಾಕೆಯ ಹೆಸರು ದೋಷಮುಕ್ತರ ಪಟ್ಟಿಗಳಲ್ಲಿ ಬಿಟ್ಟುಹೋಗಿತ್ತು. ಶಾಲೆಯೊಂದರ ಮಕ್ಕಳು, ಅವರ ಟೀಚರು ಬೆನ್ನು ಬಿದ್ದು, 2022ರಲ್ಲಿ ಶಾಸನಸಭೆ ಆಕೆಯನ್ನು ನಿರ್ದೋಷಿ ಎಂದು ಸಾರುವಂತೆ ಮಾಡಿದರು. 329 ವರ್ಷ ತಡವಾಗಿ. ಆಕೆಗೆ ಅದು ತಲುಪಲಿಲ್ಲ. ಮಾಡದೆ ಇರುವುದಕ್ಕಿಂತ ಮಾಡಿದ್ದು ಮೇಲು ಎಂದು ಆ ಮಕ್ಕಳಿಗೆ ಅನ್ನಿಸಿತು. ನನಗೂ ಹಾಗೇ ಅನ್ನಿಸುತ್ತದೆ.

ಎರಡು, ಮತ್ತೆ ನೋಡುವುದು. ಹೌದು, ನಂಬಿಕೆ ತಪ್ಪಾಗಿದ್ದರೆ ನೀವು ಅವರನ್ನು ಮತ್ತೆ ನೋಡುವುದಿಲ್ಲ. ಅವರು ನೆನಪಿನಲ್ಲಿ ಬದುಕಿದ್ದಾರೆ ಎಂಬ ಮಾತನ್ನು ಇದಕ್ಕೆ ಬದಲಾಗಿ ಕೊಡಲು ನನಗೆ ಮನಸ್ಸು ಬರುವುದಿಲ್ಲ. ನಿಮಗೆ ಬೇಕಿರುವುದು ಅವರು. ಬದಲಿಗೆ, ಇದೇ ಭಯದ ಜೊತೆ ಬದುಕಿದ ಒಂದು ಜೋಡಿಯನ್ನು ತೋರಿಸುತ್ತೇನೆ. ಚಾರ್ಲ್ಸ್ ಡಾರ್ವಿನ್, ಎಮ್ಮಾ ಮದುವೆಯಾದದ್ದು 1839ರಲ್ಲಿ. ಎಮ್ಮಾ ನಂಬಿದವಳು, ಡಾರ್ವಿನ್‌ನ ನಂಬಿಕೆ ಆಗಲೇ ಅಲುಗಾಡುತ್ತಿತ್ತು. ಮದುವೆಯಾದ ಹೊಸದರಲ್ಲೇ ಎಮ್ಮಾ ಅವನಿಗೊಂದು ಪತ್ರ ಬರೆದಳು. ಎಂದೆಂದಿಗೂ ನಾವು ಒಬ್ಬರಿಗೊಬ್ಬರು ಸೇರಿದವರಲ್ಲ ಎಂದು ಅನ್ನಿಸಿಬಿಟ್ಟರೆ ನನಗೆ ತೀರಾ ದುಃಖವಾದೀತು ಎಂಬ ಅರ್ಥದ ಸಾಲು ಅದರಲ್ಲಿದೆ. 1851ರಲ್ಲಿ ಅವರ ಹತ್ತು ವರ್ಷದ ಮಗಳು ಆ್ಯನಿ ತೀರಿಕೊಂಡಳು. ಅವಳನ್ನು ಮತ್ತೆ ನೋಡುತ್ತೇನೆ ಎಂದುಕೊಳ್ಳುವ ದಾರಿ ಡಾರ್ವಿನ್‌ಗೆ ಉಳಿದಿರಲಿಲ್ಲ. ಇಬ್ಬರಲ್ಲಿ ಒಬ್ಬರು ತಪ್ಪಾಗಿರಲೇಬೇಕು. ಇಬ್ಬರೂ ಅದನ್ನು ಬಲ್ಲರು. ಡಾರ್ವಿನ್ ಆ ಪತ್ರವನ್ನು ಕೊನೆಯವರೆಗೂ ಇಟ್ಟುಕೊಂಡಿದ್ದ. ಅದರ ಕೊನೆಯಲ್ಲಿ ತನ್ನ ಕೈಬರಹದಲ್ಲಿ, ನಾನು ಸತ್ತ ಮೇಲೆ ತಿಳಿದುಕೋ, ಎಷ್ಟೋ ಸಲ ಇದಕ್ಕೆ ಮುತ್ತಿಟ್ಟು ಅತ್ತಿದ್ದೇನೆ ಎಂದು ಬರೆದಿಟ್ಟ. 1882ರಲ್ಲಿ ಅವನು ಸತ್ತ ಮೇಲೆ ಎಮ್ಮಾ ಹದಿನಾಲ್ಕು ವರ್ಷ ಬದುಕಿದ್ದಳು. ಅವರಿಬ್ಬರೂ ಒಟ್ಟಿಗೆ ಕಳೆದ 43 ವರ್ಷಗಳಿಗೆ ಯಾರ ಮಾತು ನಿಜವೆಂಬುದರಿಂದ ಏನೂ ಕಡಿಮೆಯಾಗಲಿಲ್ಲ, ಮುಂದೆ ಇನ್ನೆಷ್ಟಿದೆ ಎಂಬುದು ಮಾತ್ರ ಅದರ ಮೇಲೆ ನಿಂತಿತ್ತು. ನಿಮ್ಮ ವಿಷಯದಲ್ಲೂ ಅಷ್ಟೇ. ಆದ ಬದುಕು ಆಗಿಹೋಗಿದೆ, ಅದಕ್ಕೆ ಯಾವ ಅಪಾಯವೂ ಇಲ್ಲ. ಅಪಾಯವಿರುವುದು ಮುಂದಿನ ಭೇಟಿಗೆ. ಆ ದುಃಖ ನ್ಯಾಯವಾದದ್ದು, ಅದನ್ನು ಪಡಲು ನಿಮಗೆ ಯಾರ ಅಪ್ಪಣೆಯೂ ಬೇಡ. ಇದನ್ನು ಮಗನಿಗೂ ಹೇಳಿ. ಅವನು ವಾದಕ್ಕೆ ಕೇಳಿರಲಿಕ್ಕಿಲ್ಲ. ಅಪ್ಪ ಹೋದದ್ದು ಅವನಿಗೂ ಅಲ್ಲವೇ? ಅಮ್ಮನ ಹತ್ತಿರ ಅದನ್ನು ಮಾತಾಡಲು ಅವನಿಗೆ ಬೇರೆ ಬಾಗಿಲು ಸಿಗದೆ ಇದ್ದಿರಬಹುದು.

ಕೊನೆಗೆ ತಂಗಿಯ ವಿಷಯ. ನೀವು ಅದನ್ನು "ಇನ್ನೊಂದು ಮಾತು" ಎಂದು ಕೊನೆಯಲ್ಲಿ ಬರೆದಿರಿ, ನಿಮ್ಮ ನಿದ್ದೆ ಕೆಡಿಸಿರುವುದು ಬಹುಶಃ ಇದೇ. ನೇರವಾಗಿ ಹೇಳುತ್ತೇನೆ. ದೇವರಿಲ್ಲ ಎಂದಾದರೆ ನಿಮ್ಮನ್ನು ಇನ್ನೂ ಯಾರೂ ಕ್ಷಮಿಸಿಲ್ಲ. ಅತ್ತದ್ದು ನಿಜ, ಪಶ್ಚಾತ್ತಾಪ ನಿಜ, ಮನಸ್ಸು ಹಗುರಾದದ್ದೂ ನಿಜ. ಆದರೆ ಕ್ಷಮಿಸಬೇಕಾದವಳಿಗೆ ಸುದ್ದಿಯೇ ಹೋಗಿಲ್ಲ. ನಂಬಿಕೆ ತಪ್ಪಾದರೆ ಆಗುವ ಪರಿಣಾಮಗಳಲ್ಲಿ ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುವುದು ಇದು: ದೇವರ ಹತ್ತಿರ ಮುಗಿಸಿಕೊಂಡಿದ್ದ ಲೆಕ್ಕಗಳೆಲ್ಲ ಮನುಷ್ಯರ ಹತ್ತಿರ ಮತ್ತೆ ತೆರೆದುಕೊಳ್ಳುತ್ತವೆ.

ಅದಕ್ಕಾಗಿ ನೀವು ನಂಬಿಕೆಯನ್ನು ಬಿಡಬೇಕಿಲ್ಲ ಎಂಬುದನ್ನೂ ಹೇಳಬೇಕು. ಯೆಹೂದ್ಯರ ಮಿಷ್ನಾ ಸುಮಾರು ಕ್ರಿ.ಶ. 200ರ ಹೊತ್ತಿಗೆ ಒಟ್ಟುಗೂಡಿದ ಧರ್ಮಗ್ರಂಥ. ದೇವರಿಗೆ ಮಾಡಿದ ತಪ್ಪನ್ನು ಪ್ರಾಯಶ್ಚಿತ್ತದ ದಿನ ತೊಳೆಯುತ್ತದೆ, ಇನ್ನೊಬ್ಬ ಮನುಷ್ಯನಿಗೆ ಮಾಡಿದ ತಪ್ಪನ್ನು ಅವನ ಮನಸ್ಸು ತಿಳಿಯಾಗುವವರೆಗೆ ಆ ದಿನವೂ ತೊಳೆಯಲಾರದು ಎಂದು ಅದರಲ್ಲಿದೆ. ಬಲಿಪೀಠದ ಮುಂದೆ ಕಾಣಿಕೆ ಹಿಡಿದು ನಿಂತಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ದೂರಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಂದಿಗೆ ರಾಜಿಯಾಗು ಎಂದು ಯೇಸು ಹೇಳಿದ್ದಾನೆ. ದೇವರಿದ್ದರೂ ಇಲ್ಲದಿದ್ದರೂ ನೀವು ಹೋಗಬೇಕಾದ ಮನೆ ಒಂದೇ.

ಹೋದಾಗ ಕಾರಣಗಳನ್ನು ಹೇಳಬೇಡಿ. ಆಗ ಪರಿಸ್ಥಿತಿ ಹಾಗಿತ್ತು ಎನ್ನಬೇಡಿ. ದೇವರ ಹತ್ತಿರ ಆಗಲೇ ಕೇಳಿಕೊಂಡಿದ್ದೇನೆ ಎಂದಂತೂ ಹೇಳಲೇಬೇಡಿ, ಅದು ಅವಳ ಪಾಲನ್ನು ಇನ್ನೊಬ್ಬರಿಗೆ ಕೊಟ್ಟಂತೆ ಕೇಳಿಸುತ್ತದೆ. ಏನು ಮಾಡಿದಿರೋ ಅದನ್ನು ಅದರ ಹೆಸರಿಂದಲೇ ಹೇಳಿ. ಹಿಂದಿರುಗಿಸುವಂಥದ್ದು ಏನಾದರೂ ಇದ್ದರೆ ಜೊತೆಯಲ್ಲಿ ತೆಗೆದುಕೊಂಡು ಹೋಗಿ. ಅವಳು ಕ್ಷಮಿಸದೆ ಇರಬಹುದು, ಅದು ಅವಳ ಹಕ್ಕು. ನೀವು ಸ್ಯೂಯಲ್‌ನ ಹಾಗೆ ಓದಿ ಮುಗಿಯುವವರೆಗೆ ನಿಂತಿರಬೇಕು, ಅಷ್ಟೇ.

ತಂಗಿ ಎಷ್ಟು ದೂರದಲ್ಲಿದ್ದಾಳೆ ಎಂದು ನೀವು ಬರೆದಿಲ್ಲ. ಫೋನಿನಲ್ಲಿ ಹೇಳುವುದಕ್ಕಿಂತ ಹೋಗುವುದು ಒಳ್ಳೆಯದು. ಒಬ್ಬರೇ ಹೋಗಲು ಕಷ್ಟವಾದರೆ ಮಗನನ್ನು ಕೇಳಿ ನೋಡಿ, ಅವಳ ಮನೆ ಬಾಗಿಲವರೆಗೆ ಅವನು ಬಂದಾನು.